ಮಿಲಿಟರಿಯವರ ಮಂಡಿ

ಶಿವಮೊಗ್ಗೆಯ ಪೇಟೆಯಲ್ಲಿ ನಮ್ಮ ಮನೆತನದ ಅಕ್ಕಿಮಂಡಿಯ ಬಾಗಿಲ ಮೇಲೆ ಅಪ್ಪಯ್ಯನವರ ಹೆಸರು ಬರೆದ ಹಲಗೆ ಇಂದಿಗೂ ಇದೆಯಾದರೂ, 1946ರಿಂದೀಚೆಗೆ ಆ ಹೆಸರಿನಿಂದ ಅಂಗಡಿಯನ್ನು ಗುರುತಿಸಿದವರು ವಿರಳ. ಗಾಡಿ ಹೊಡೆದುಕೊಂಡು ಬರುವ ಹಳ್ಳಿಯ ರೈತರಿಗೆ, ಹಮಾಲರಿಗೆ, ಕಡೆಗೆ ಅಂಚೆಯವನಿಗೂ ಅದು ‘ಮಿಲಿಟರಿಯವರ ಮಂಡಿ’. ಅದನ್ನು ಕಟ್ಟಿದವರು ಅಪ್ಪಯ್ಯ; ಕಷ್ಟಕಾಲದಲ್ಲಿ ಕಾದು ಉಳಿಸಿದವನು ಅಣ್ಣ. ಯುದ್ಧ ನಡೆಯುತ್ತಿದ್ದಷ್ಟು ಕಾಲವೂ ಊರ ಕಡೆ ತಲೆಹಾಕದೆ, ಅದು ಮುಗಿದ ಮೇಲೆ ಖಾಕಿ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದಿಳಿದ ಕಿರಿಯ ಮಗನಿಗೆ ಆ ಹೆಸರು ಸಂದುದು ಲೋಕದ ಒಂದು ವಿಚಿತ್ರ ನ್ಯಾಯ. ಅಣ್ಣನಾದರೋ ಇದನ್ನು ಕುರಿತು ಎಂದೂ ಮುಖ ಸಿಂಡರಿಸಿದವನಲ್ಲ. “ಹೆಸರು ನಿನ್ನದಾದರೆ ಆಗಲಿ ಮಾರಾಯ, ಸಾಲದ ಪತ್ರವೆಲ್ಲಾ ನನ್ನ ಹೆಸರಿನಲ್ಲೇ ಇದೆಯಲ್ಲ” ಎಂದು ನಗುತ್ತಿದ್ದ.

1949ರಿಂದ ಡಿಸೆಂಬರ್ 7ನೆಯ ತಾರೀಖನ್ನು ಧ್ವಜದಿನವೆಂದು ಆಚರಿಸುವ ಪದ್ಧತಿ ಬಂದಿತಷ್ಟೆ. ಆ ದಿನ ಯಾವುದಾದರೊಂದು ಶಾಲೆಯವರು ನನ್ನನ್ನು ಕರೆದು, ಹಾರ ಹಾಕಿ, ಮಕ್ಕಳ ಮುಂದೆ ನಿಲ್ಲಿಸುವುದು ಕ್ರಮೇಣ ರೂಢಿಯಾಯಿತು. ಮುಖ್ಯೋಪಾಧ್ಯಾಯರು ಬರ್ಮಾದ ರಣಾಂಗಣ, ವೀರಾವೇಶ, ಶತ್ರುಸಂಹಾರ ಮೊದಲಾದ ಪದಗಳನ್ನು ಧಾರಾಳವಾಗಿ ಬಳಸಿ ನನ್ನ ಪರಿಚಯ ಮಾಡಿಕೊಡುವರು, ಅದು ಮುಗಿಯುವುದೇ ತಡ, ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, “ಎಷ್ಟು ಜನ ಜಪಾನಿಯರನ್ನು ಕೊಂದಿರಿ ಸಾರ್?” ಎಂದು ಕೇಳಿಯೇ ಕೇಳುವನು. ನಾನು ಕೊಂದವರು ಯಾರೂ ಇಲ್ಲ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್ ಎಂಬ ಉದ್ದ ಹೆಸರಿನ, ನಮ್ಮ ಮಾತಿನಲ್ಲಿ ಹೇಳುವುದಾದರೆ ದಂಡಿಗೆ ಅನ್ನ, ಮೇವು, ಪೆಟ್ರೋಲುಗಳನ್ನು ಒದಗಿಸುವ ಇಲಾಖೆಯಲ್ಲಿ ನಾನು ಉಗ್ರಾಣದ ಗುಮಾಸ್ತನಾಗಿದ್ದೆ. ಅಕ್ಕಿಮೂಟೆ ಎಣಿಸಿದೆ, ತೂಗಿಸಿದೆ, ಬರೆದಿಟ್ಟೆ. ಈ ಸಂಗತಿಯನ್ನು ಹೇಳಿದೊಡನೆ ಮಕ್ಕಳ ಮುಖದಲ್ಲಿ ಮೂಡುತ್ತಿದ್ದ ನಿರಾಶೆಯನ್ನು ನೋಡಿ ಮೊದಮೊದಲು ನನಗೆ ಸಂಕೋಚವಾಗುತ್ತಿತ್ತು. ಬರಬರುತ್ತಾ ಅದೂ ಹೋಯಿತು. ಯುದ್ಧವನ್ನು ಬಂದೂಕಿನ ಕಡೆಯಿಂದ ಕಂಡವರು ಅನೇಕರಿದ್ದಾರೆ, ಅವರಲ್ಲಿ ಬರೆದವರೂ ಉಂಟು. ಅದನ್ನು ಗೋಣಿಚೀಲದ ಕಡೆಯಿಂದ ಕಂಡವನ ಮಾತಿಗೂ ಒಂದಷ್ಟು ಸ್ಥಳವಿರಬೇಕೆಂದು ಈಗ ನನಗೆ ತೋರುತ್ತದೆ.

ನಮ್ಮ ಮನೆಗೆ ಯುದ್ಧವು ಮೊದಲು ಬಂದುದು ಅಕ್ಕಿಯ ಧಾರಣೆಯ ರೂಪದಲ್ಲಿಯೇ. 1942ರ ಮಾರ್ಚಿನಲ್ಲಿ ರಂಗೂನು ಜಪಾನಿಯರ ವಶವಾಯಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಊರಿನ ವಿದ್ಯಾವಂತರು ಸಿಂಗಪುರ, ಸುಭಾಷ್‌ಬಾಬು, ಬ್ರಿಟಿಷರ ಭವಿಷ್ಯ ಎಂದು ಚರ್ಚಿಸುತ್ತಿದ್ದರೆ, ಅಪ್ಪಯ್ಯನವರು ಕನ್ನಡಕವನ್ನು ಹಣೆಗೇರಿಸಿಕೊಂಡು, “ಇನ್ನು ರಂಗೂನ್ ಅಕ್ಕಿ ಕರಾವಳಿಗೆ ಬರುವುದಿಲ್ಲ, ಘಟ್ಟದ ಕೆಳಗಿನವರೆಲ್ಲ ನಮ್ಮ ಕಡೆಗೇ ಬರುತ್ತಾರೆ” ಎಂದಷ್ಟೇ ಹೇಳಿ ಕಿರ್ದಿಯನ್ನು ಮುಚ್ಚಿದರು. ಆ ಮಾತು ಎಷ್ಟು ದೂರ ನಿಜವಾಗುವುದೆಂಬುದು ಅವರಿಗೂ ಗೊತ್ತಿರಲಿಲ್ಲ. ಬರ್ಮಾದ ಅಕ್ಕಿಯನ್ನು ನಂಬಿಕೊಂಡಿದ್ದ ಪ್ರಾಂತಗಳಲ್ಲಿ ಮಲಬಾರು, ಮದರಾಸುಗಳಂತೆ ಬಂಗಾಳವೂ ಒಂದು.

ನಾನು ದಂಡಿಗೆ ಸೇರಿದುದರಲ್ಲಿ ಆದರ್ಶವೇನೂ ಇರಲಿಲ್ಲವೆಂದು ಹೇಳಿಬಿಡುವುದು ಉತ್ತಮ. ಇಂಟರ್‌ಮೀಡಿಯೆಟ್ ಓದು ನನಗೆ ಒಗ್ಗಲಿಲ್ಲ. ಒಂದೇ ಗಾದಿಯ ಮೇಲೆ ಅಪ್ಪಯ್ಯ, ಅಣ್ಣ, ನಾನು ಮೂವರೂ ಒತ್ತಿಕೊಂಡು ಕುಳಿತುಕೊಳ್ಳುವುದು ಯಾರಿಗೂ ಹಿತವಾಗಿರಲಿಲ್ಲ. ಬೆಂಗಳೂರಿನ ದಂಡುಪ್ರದೇಶದಲ್ಲಿ ಲೆಕ್ಕ ಬಲ್ಲ, ಇಂಗ್ಲಿಷ್ ಬಲ್ಲ ಹುಡುಗರನ್ನು ಕರೆಕರೆದು ಸೇರಿಸಿಕೊಳ್ಳುತ್ತಿದ್ದರು. ಅಮ್ಮ ಅತ್ತಳು. ಅಪ್ಪಯ್ಯನವರು ಅಳಲೂ ಇಲ್ಲ, ತಡೆಯಲೂ ಇಲ್ಲ. “ಅಲ್ಲಿ ಯಾರ ಹತ್ತಿರವೂ ಸಾಲ ಮಾಡಬೇಡ” ಎಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿಕೊಂಡಿತು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. ಮುಂದಿನ ಮಾರ್ಚಿನಲ್ಲಿ ಆ ಹಳ್ಳಿಯ ಐವರು ಗಲ್ಲಿಗೇರಿದರು. ಆಗ ನಾನು ಎಲ್ಲಿಯೋ ಉತ್ತರದೇಶದ ತರಬೇತಿ ಶಿಬಿರದಲ್ಲಿ ಇಂಗ್ಲಿಷರ ಪೌಂಡು, ಔನ್ಸುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಅಣ್ಣನ ಕಾಗದದಲ್ಲಿ ಈ ವಿಷಯವಿದ್ದ ಸಾಲುಗಳ ಮೇಲೆ ಸೆನ್ಸಾರಿನವರು ಮಸಿ ಬಳಿದಿದ್ದರಾದುದರಿಂದ, ನನ್ನ ಜಿಲ್ಲೆಯ ಅತ್ಯಂತ ದೊಡ್ಡ ಸುದ್ದಿಯನ್ನು ನಾನು ಬಹಳ ತಿಂಗಳುಗಳ ಮೇಲೆ ಅನ್ಯರ ಬಾಯಿಂದ ಕೇಳಬೇಕಾಯಿತು.

1943ರ ಮಳೆಗಾಲ ಕಳೆಯುವ ವೇಳೆಗೆ ನಮ್ಮನ್ನು ಅಸ್ಸಾಮಿಗೆ ಸಾಗಿಸಿದರು. ಕಲ್ಕತ್ತೆಯಿಂದ ಪಾರ್ವತೀಪುರದವರೆಗೆ ದೊಡ್ಡ ಗೇಜಿನ ರೈಲು. ಅಲ್ಲಿ ಇಳಿದು, ಸಾಮಾನನ್ನೆಲ್ಲಾ ಇಳಿಸಿ, ಸಣ್ಣ ಗೇಜಿನ ರೈಲಿಗೆ ತುಂಬಿಸಿ, ಬ್ರಹ್ಮಪುತ್ರದ ದಡಕ್ಕೆ ಹೋಗಿ, ಅಮೀನ್‌ಗಾಂವಿನಿಂದ ಪಾಂಡುವಿಗೆ ಹೊಳೆ ದಾಟಿ ಮತ್ತೆ ಪ್ರಯಾಣ. ಯುದ್ಧದ ಸಮಸ್ತ ಭಾರವೂ ಈ ಇಕ್ಕಟ್ಟಾದ ದಾರಿಯ ಮೇಲೆಯೇ ಬಿದ್ದಿತ್ತು. ಆ ದಾರಿಯುದ್ದಕ್ಕೂ ಬಂಗಾಳದ ನಿಲ್ದಾಣಗಳಲ್ಲಿ ನಾನು ಕಂಡುದನ್ನು ಬರೆಯುವುದು ಸುಲಭವಲ್ಲ. ಅನ್ನವನ್ನು ಬೇಡುವವರನ್ನು ನಾನು ಮೊದಲೂ ಕಂಡಿದ್ದೆ. ಅಲ್ಲಿಯ ಜನ ಅನ್ನವನ್ನು ಬೇಡುತ್ತಿರಲಿಲ್ಲ. ಅಷ್ಟನ್ನು ಯಾರೂ ಕೊಡಲಾರರೆಂಬುದನ್ನು ತಿಳಿದುಕೊಂಡಿದ್ದ ಅವರು ಅನ್ನ ಬಸಿದ ಗಂಜಿನೀರನ್ನು ಮಾತ್ರ ಬೇಡುತ್ತಿದ್ದರು. ನಮ್ಮ ಡಬ್ಬಿಯ ಹೊರಗೆ ಹೆಂಗಸೊಬ್ಬಳು ಮಣ್ಣಿನ ಕುಡಿಕೆಯೊಂದನ್ನು ಎತ್ತಿ ಹಿಡಿದು ನಿಂತಿದ್ದಳು. ಮುಖದಲ್ಲಿ ದೈನ್ಯವಿರಲಿಲ್ಲ, ದೈನ್ಯಕ್ಕೂ ಕೊಂಚ ತ್ರಾಣ ಬೇಕು. ನಮ್ಮ ಅಡುಗೆಯವನು, ತಮಿಳು ನಾಡಿನವನು, ಹಬೆಯಾಡುತ್ತಿದ್ದ ಗಂಜಿಯನ್ನು ಆ ಕುಡಿಕೆಗೆ ಬಗ್ಗಿಸಿದನು. ಅಷ್ಟರಲ್ಲಿ ಎಲ್ಲಿಂದಲೋ ಇನ್ನೂ ಹತ್ತಿಪ್ಪತ್ತು ಕುಡಿಕೆಗಳು ಕಾಣಿಸಿಕೊಂಡುವು, ರೈಲು ಹೊರಟಿತು. ಆ ಕ್ಷಾಮದಲ್ಲಿ ಸತ್ತವರು ಮೂವತ್ತು ಲಕ್ಷದಷ್ಟಿರಬಹುದೆಂದು ಅನಂತರ ಬಲ್ಲವರು ಲೆಕ್ಕ ಹಾಕಿದ್ದಾರೆ. ಬರ್ಮಾದ ಅಕ್ಕಿ ನಿಂತುದು, ಶತ್ರುವಿಗೆ ಸಿಕ್ಕೀತೆಂದು ಸರ್ಕಾರವೇ ದೋಣಿಗಳನ್ನು ಕಿತ್ತುಕೊಂಡುದು, ದಂಡಿನ ಖರೀದಿ, ಧಾರಣೆಯ ಏರಿಕೆ, ದಾಸ್ತಾನು ಬಚ್ಚಿಟ್ಟ ವರ್ತಕರ ಲೋಭ, ಇವೆಲ್ಲ ಅದಕ್ಕೆ ಕಾರಣಗಳು. ಕಡೆಯದನ್ನು ಬರೆಯುವಾಗ, ವರ್ತಕನ ಮಗನಾದ ನನ್ನ ಕೈ ಈಗಲೂ ಸ್ವಲ್ಪ ನಿಧಾನವಾಗುತ್ತದೆ.

ಇದಾದ ಮೇಲೆ ನಾನು ಹೋಗಿ ಸೇರಿದ ಸ್ಥಳವೆಂದರೆ, ರೈಲ್ವೆಯವರು ಮಣಿಪುರ ರೋಡ್ ಎಂದು ಕರೆಯುತ್ತಿದ್ದ ದೀಮಾಪುರದ ಮಹಾ ಉಗ್ರಾಣ. ಅದರ ಉದ್ದ ಹನ್ನೊಂದು ಮೈಲಿ, ಅಗಲ ಒಂದು ಮೈಲಿ. ನಮ್ಮ ಪೇಟೆಯ ಮಂಡಿಗಳನ್ನೆಲ್ಲ ಕೂಡಿಸಿದರೂ ಅದರ ಒಂದು ಮೂಲೆ ತುಂಬದು. ಟಾರ್ಪಾಲು ಹೊದಿಸಿದ ಅಕ್ಕಿ, ಅಟ್ಟಾ, ಬೇಳೆ, ತುಪ್ಪದ ಡಬ್ಬ, ಒಣಗಿಸಿದ ಈರುಳ್ಳಿ, ಸಿಗರೇಟು. ಅನ್ನ ಉಣ್ಣುವ ಪಲ್ಟನ್ನಿಗೆ ಬೇರೆ ಅಳತೆ, ರೊಟ್ಟಿ ತಿನ್ನುವವರಿಗೆ ಬೇರೆ, ಮಾಂಸದಲ್ಲಿ ಝಟ್ಕಾದವರಿಗೆ, ಹಲಾಲಿನವರಿಗೆ ಬೇರೆ ಬೇರೆ ಕಲಮು. ಅಲ್ಲಿ ಒಂದು ಚೀಲ ಹರಿದು ಹತ್ತು ಪೌಂಡು ಅಕ್ಕಿ ಚೆಲ್ಲಿದರೂ, ಅದನ್ನು ನಷ್ಟವೆಂದು ಬರೆಯುವುದಕ್ಕೆ ಅಧಿಕಾರಿಯ ರುಜು ಬೇಕು. ರುಜು ಹಾಕಿದ ಕಾಗದಕ್ಕೆ ನಕಲು ಬೇಕು. ನಕಲಿಗೆ ನಂಬರು ಬೇಕು. ಇಷ್ಟೊಂದು ಕಟ್ಟುನಿಟ್ಟಿನ ಲೆಕ್ಕವನ್ನು ನಾನು ಅಪ್ಪಯ್ಯನವರ ಗಾದಿಯ ಮೇಲೂ ಕಂಡಿರಲಿಲ್ಲ. ರಾತ್ರಿ ಹೊತ್ತು, ಲಾಂದ್ರದ ಮುಂದೆ ಆ ದಿನದ ಮೊತ್ತ ಕೂಡುತ್ತಿರುವಾಗ, ಆ ಕುಡಿಕೆ ಹಿಡಿದ ಹೆಂಗಸು ನೆನಪಿಗೆ ಬರುವಳು. ನಮ್ಮ ಪುಸ್ತಕದಲ್ಲಿ ಕುದುರೆಗೆ, ಹೇಸರಗತ್ತೆಗೆ ಸಹ ಪ್ರತ್ಯೇಕವಾದ ಕಲಮುಗಳಿದ್ದುವು, ಅವಳಿಗೆ ಇರಲಿಲ್ಲ.

1944ರ ಏಪ್ರಿಲಿನಲ್ಲಿ ಜಪಾನಿಯರು ಕೊಹಿಮಾವನ್ನು ಮುತ್ತಿದರು. ಅದು ನಮ್ಮಿಂದ 46 ಮೈಲಿ. ಹದಿನಾಲ್ಕನೆಯ ಸೇನೆಯ ದಂಡನಾಯಕ ಜನರಲ್ ಸ್ಲಿಮ್ ದೀಮಾಪುರಕ್ಕೆ ಬಂದು, ಇಲ್ಲಿ ಉಣ್ಣುವ ಬಾಯಿಗಳು ಎಷ್ಟು ಎಂದು ಕೇಳಲಾಗಿ ನಲವತ್ತೈದು ಸಾವಿರವೆಂದೂ, ಅವರಲ್ಲಿ ಬಂದೂಕು ಹಾರಿಸಬಲ್ಲವರೆಷ್ಟು ಎಂದು ಕೇಳಲಾಗಿ ಐನೂರು ಮಂದಿ ಸಿಕ್ಕಬಹುದೆಂದೂ ಅಲ್ಲಿಯ ಅಧಿಕಾರಿ ಉತ್ತರ ಹೇಳಿದ ಪ್ರಸಂಗವನ್ನು ಆ ಸೇನಾನಿಯೇ 1956ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅದನ್ನು ಓದಿದಾಗ ನನಗೆ ನಗು ಬಂದಿತು. ಏಕೆಂದರೆ ಐನೂರನ್ನು ಕಳೆದು ಉಳಿದ ಆ ದೊಡ್ಡ ಸಂಖ್ಯೆಯಲ್ಲಿ ನಾನೂ ಒಬ್ಬ. ನಮ್ಮ ಕೈಗೂ ರೈಫಲು ಬಂದಿತು. ಅಕ್ಕಿಮೂಟೆಗಳ ಮಧ್ಯೆ ಅಗೆದ ಗುಂಡಿಯಲ್ಲಿ, ರೈಫಲನ್ನು ಹೇಗೆ ಹಿಡಿಯಬೇಕೆಂಬುದರಲ್ಲಿ ಒಮ್ಮತವಿಲ್ಲದ ನಾಲ್ವರು ಗುಮಾಸ್ತರು ಬೆಳಗಿನವರೆಗೂ ಎಚ್ಚರವಾಗಿದ್ದೆವು. ಶತ್ರು ಬರಲಿಲ್ಲ. ಅವನು ಕೊಹಿಮಾದ ಗುಡ್ಡವನ್ನು ಬಿಟ್ಟು ಕೆಳಗಿಳಿದು ನಮ್ಮ ಉಗ್ರಾಣಕ್ಕೆ ಕೈಹಾಕಿದ್ದರೆ ಆ ಯುದ್ಧದ ಗತಿಯೇ ಬೇರೆಯಾಗುತ್ತಿತ್ತೆಂದು ತಿಳಿದವರು ಹೇಳುತ್ತಾರೆ.

ಜಪಾನಿ ಸೈನಿಕರು ಮೂರು ವಾರದ ಆಹಾರವನ್ನು ಮಾತ್ರ ಹೊತ್ತು, ದನಗಳ ಹಿಂಡನ್ನು ಹೊಡೆದುಕೊಂಡು ಬೆಟ್ಟ ಹತ್ತಿ ಬಂದಿದ್ದರು. ಅಷ್ಟರೊಳಗೆ ನಮ್ಮ ಉಗ್ರಾಣವನ್ನು ಗೆದ್ದು ನಮ್ಮ ಅಕ್ಕಿಯನ್ನೇ ಉಣ್ಣುವುದೆಂದು ಅವರ ದಂಡನಾಯಕನ ಅಂದಾಜು. ಆ ಅಂದಾಜು ಫಲಿಸಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಕೊಹಿಮಾದ ಜಪಾನಿ ಸೇನಾಧಿಪತಿ, ಮೇಲಿನವರ ಅಪ್ಪಣೆಯನ್ನು ಮೀರಿ, ತನ್ನ ಜನರಿಗೆ ಅನ್ನವಿಲ್ಲವೆಂಬ ಕಾರಣಕ್ಕಾಗಿ ಹಿಂತಿರುಗಿದನು. ಜೂನ್ 22ರಂದು ದಾರಿ ತೆರೆದ ಮೇಲೆ ನಮ್ಮ ತುಕಡಿ ಇಂಫಾಲಕ್ಕೆ, ಅಲ್ಲಿಂದ ತಾಮುವಿನ ಕಡೆಗೆ ನಡೆಯಿತು. ಆ ಮಳೆಯಲ್ಲಿ, ಕೆಸರಿನಲ್ಲಿ, ದಾರಿಯ ಅಂಚಿನಲ್ಲಿ ಬಿದ್ದಿದ್ದ ಜಪಾನಿಯರಲ್ಲಿ ಅನೇಕರ ಮೈಮೇಲೆ ಗಾಯವೇ ಇರಲಿಲ್ಲ. ಒಬ್ಬನ ಕೈಯಲ್ಲಿ ಅನ್ನದ ಡಬ್ಬಿಯಿತ್ತು. ಅದರೊಳಗೆ ಬೇಯಿಸಿದ ಯಾವುದೋ ಹುಲ್ಲು. ಅವನು ನಮ್ಮ ಶತ್ರು. ಬಂಗಾಳದ ಆ ಹೆಂಗಸು ನಮ್ಮ ಪ್ರಜೆ. ಇಬ್ಬರ ಕೆನ್ನೆಯೂ ಒಂದೇ ವಿಧವಾಗಿ ಗುಳಿಬಿದ್ದುದನ್ನು ನಾನು ಕಂಡೆ.

ಕಬಾವ್ ಕಣಿವೆಯಲ್ಲಿ ದಾರಿಯೆಲ್ಲ ಕೊಚ್ಚಿಹೋಗಿ, ವಿಮಾನದಿಂದಲೇ ಅಕ್ಕಿ ಬೀಳಬೇಕಾಯಿತು. ಪೆಟ್ಟಿಗೆಗಳನ್ನು ಪ್ಯಾರಚೂಟು ಕಟ್ಟಿ ಇಳಿಬಿಡುತ್ತಿದ್ದರು. ರೇಷ್ಮೆ ಸಾಲದೆ ಕಲ್ಕತ್ತೆಯಲ್ಲಿ ಸೆಣಬಿನ ಬಟ್ಟೆಯಿಂದಲೇ ಅಗ್ಗದ ಪ್ಯಾರಚೂಟುಗಳನ್ನು ಹೊಲಿಸಿದ್ದರು. ಅಕ್ಕಿಗಾದರೋ ಅದೂ ಇಲ್ಲ. ಒಂದು ಗೋಣಿಚೀಲವನ್ನು ಮುಕ್ಕಾಲಿಗಿಂತ ಕಡಮೆ ತುಂಬಿಸಿ ಸಡಿಲವಾಗಿ ಹೊಲಿದು, ಅದನ್ನು ಇನ್ನೂ ದೊಡ್ಡದೊಂದು ಚೀಲದೊಳಗಿಟ್ಟು ಹೊಲಿದು, ತಗ್ಗಿನಲ್ಲಿ ಹಾರುವ ಡಕೋಟ ವಿಮಾನದ ಬಾಗಿಲಿನಿಂದ ಹಾಗೆಯೇ ಒದ್ದುಬಿಡುವುದು. ನೆಲಕ್ಕೆ ಬಡಿದಾಗ ಒಳಚೀಲ ಬಿರಿದರೂ ಹೊರಚೀಲ ಅಕ್ಕಿಯನ್ನು ಹಿಡಿದುಕೊಳ್ಳುವುದು. ಇದನ್ನು ಮೊದಲ ಸಲ ಕಂಡ ದಿನ ನಾನು ಗುಡ್ಡದ ಮಗ್ಗುಲಲ್ಲಿ ನಿಂತು, ಬೀಳುವ ಮೂಟೆಗಳ ಅಪಾಯವನ್ನೂ ಮರೆತು ನೋಡಿದೆ. ನಮ್ಮ ಮಂಡಿಯಲ್ಲಿ ಚೀಲವನ್ನು ಕೋಲಿನಿಂದ ಜಡಿಜಡಿದು, ಕೊನೆಯ ಕಾಳಿನವರೆಗೂ ತುಂಬುವುದೇ ಜಾಣತನವೆನಿಸಿಕೊಂಡಿತ್ತು. ತುಂಬದೆ ಬಿಟ್ಟ ಜಾಗವೇ ಚೀಲವನ್ನು ಕಾಪಾಡುವುದೆಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂಟೆ ಬಿದ್ದ ಮೇಲೆ ನಮ್ಮ ಕೆಲಸ. ಬಿರಿದ ಅಕ್ಕಿಯನ್ನು ಮಣ್ಣಿನಿಂದ ಬಳಿದು, ಜರಡಿ ಹಿಡಿದು, ಮತ್ತೆ ತೂಗಿ, ಬಿದ್ದುದೆಷ್ಟು, ಉಳಿದುದೆಷ್ಟು ಎಂದು ಬರೆಯಬೇಕು. ಮಲೇರಿಯಾ ಬಾರದಿರಲೆಂದು ಕೊಡುತ್ತಿದ್ದ ಮೆಪಾಕ್ರಿನ್ ಮಾತ್ರೆ ತಿಂದು ತಿಂದು ನಮ್ಮ ಮೈಯೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿತ್ತು. ಆ ಹಳದಿ ಬೆರಳುಗಳಿಂದ ಬರೆದ ಅಂಕಿಗಳು ಎಲ್ಲಿಯ ಕಡತದಲ್ಲಿ ಹುಗಿದುಹೋಗಿವೆಯೋ ತಿಳಿಯದು.

ಆಮೇಲಿನದು ಚರಿತ್ರೆಯ ಪುಸ್ತಕಗಳಲ್ಲಿದೆ: ಮೇಕ್ಟಿಲಾ, ಮಾಂಡಲೆ, 1945ರ ಮೇ ತಿಂಗಳಲ್ಲಿ ರಂಗೂನು. ಯುದ್ಧದ ಅಂತ್ಯಕ್ಕೆ ಭಾರತೀಯ ಸೈನ್ಯದಲ್ಲಿ ಇಪ್ಪತ್ತೈದು ಲಕ್ಷ ಜನರಿದ್ದರೆಂದು ಹೇಳುತ್ತಾರೆ. ಅಷ್ಟು ಜನರನ್ನು ತಿರುಗಿ ಮನೆಗೆ ಕಳಿಸುವುದೂ ಒಂದು ದಂಡಯಾತ್ರೆಯೇ. ನನ್ನ ಸರದಿ ಬಂದುದು 1946ರಲ್ಲಿ.

ನಾನು ಬಂದಾಗ ಅಣ್ಣನ ತಲೆ ನರೆತಿತ್ತು. ಮೈಸೂರು ಸೀಮೆಯಲ್ಲಿ ಆಗ ಆಹಾರದ ಅಭಾವ. ರೈತನಿಂದ ಲೆವಿ, ಪಟ್ಟಣದವರಿಗೆ ರೇಷನ್ ಚೀಟಿ, ವರ್ತಕನಿಗೆ ಲೈಸೆನ್ಸು, ಪ್ರತಿಯೊಂದಕ್ಕೂ ರಿಟರ್ನು. ಈ ಫಾರಮುಗಳ ಮುಂದೆ ಅಣ್ಣ ಕಣ್ಣುಬಿಡುತ್ತಿದ್ದ; ನನಗೆ ಅವು ಹಳೆಯ ಸ್ನೇಹಿತರಂತೆ ಕಂಡುವು. ನಾನು ಮಂಡಿಗೆ ನಿಜವಾಗಿ ಉಪಯೋಗಕ್ಕೆ ಬಂದುದು ಅಲ್ಲಿಂದ ಮುಂದೆ. ಉತ್ಸಾಹದ ಭರದಲ್ಲಿ ನಾನು ಚೀಲಗಳಿಗೆ ನಂಬರು ಬರೆಸಿ, ಹಮಾಲರನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗಲು ತೊಡಗಿದಾಗ ಅಣ್ಣ ಮೆಲ್ಲನೆ ನನ್ನ ತೋಳು ಹಿಡಿದು, “ತಮ್ಮಾ, ಇದು ದಂಡಲ್ಲ, ಮಂಡಿ” ಎಂದ. ಹಾಜರಿ ಕೂಗುವುದನ್ನು ಬಿಟ್ಟೆ. ನಂಬರು ಮಾತ್ರ ಉಳಿಯಿತು.

1947ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಒತ್ತಾಯದ ಮೇರೆಗೆ ಸರ್ಕಾರ ಆಹಾರ ನಿಯಂತ್ರಣವನ್ನು ಸಡಿಲಿಸಿತು, ಧಾರಣೆ ಏರಿತು, 1948ರಲ್ಲಿ ನಿಯಂತ್ರಣ ಮರಳಿ ಬಂದಿತು. ಆ ನಡುವಣ ತಿಂಗಳುಗಳಲ್ಲಿ ಪೇಟೆಯಲ್ಲಿ ದುಡ್ಡು ಮಾಡಿದವರು ಮಾಡಿದರು. ಒಂದು ರಾತ್ರಿ ದಲ್ಲಾಳಿಯೊಬ್ಬ ಬಂದು, ಒಂದು ತಿಂಗಳು ಬಾಗಿಲು ತೆರೆಯದಿದ್ದರೆ ಒಂದು ವರ್ಷದ ಲಾಭವೆಂದು ಆಶೆ ತೋರಿಸಿದಾಗ, ಅಪ್ಪಯ್ಯನವರು ನನ್ನ ಕಡೆ ನೋಡಿದರು. ಬಂಗಾಳದ ಕಥೆಯನ್ನು ನಾನು ಮನೆಯಲ್ಲಿ ಹೇಳಿದ್ದುದು ಒಮ್ಮೆ ಮಾತ್ರ, ಅದೂ ಅಮ್ಮ ಇಲ್ಲದಾಗ; ಅವರು ಅದನ್ನು ಮರೆತಿರಲಿಲ್ಲವೆಂಬುದು ಆಗ ಗೊತ್ತಾಯಿತು. “ನಾಳೆ ಎಂದಿನಂತೆ ಬಾಗಿಲು ತೆಗೆಯುತ್ತೇವೆ” ಎಂದು ಹೇಳಿ ಅವನಿಗೆ ಎಲೆಅಡಿಕೆ ಕೊಟ್ಟು ಕಳಿಸಿದರು. ಅದರಿಂದ ನಾವು ಬಡವರಾಗಲಿಲ್ಲ. ಶ್ರೀಮಂತರಾಗುವ ಅವಕಾಶವೊಂದು ತಪ್ಪಿತು, ಅಷ್ಟೆ.

ಸಮಾಜಸೇವೆಯೆಂದು ಜನ ಯಾವುದನ್ನು ಕರೆಯುತ್ತಾರೋ ಅದಕ್ಕೆ ನಾನು ಕಾಲಿಟ್ಟುದು ಧರ್ಮಾದಾಯದ ಜಗಳದಿಂದ. ಮಂಡಿಯ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೈತನು ಮಾಲು ತಂದು ಹಾಕಿದಾಗ ಅವನಿಗೆ ಬರೆದುಕೊಡುವ ಪಟ್ಟಿಯಲ್ಲಿ ದಲ್ಲಾಲಿ, ಹಮಾಲಿ, ತೂಕದ ಕೂಲಿ ಇವುಗಳನ್ನೆಲ್ಲ ಹಿಡಿದ ಮೇಲೆ, ಎಲ್ಲಕ್ಕೂ ಕೆಳಗೆ ಧರ್ಮಾದಾಯವೆಂದು ಕೆಲವು ಆಣೆಗಳನ್ನು ಹಿಡಿಯುವ ಪದ್ಧತಿ ಇತ್ತು. ದೇವಸ್ಥಾನಕ್ಕೆ, ಗೋಶಾಲೆಗೆ, ಪಾಠಶಾಲೆಗೆ ಎಂದು ಹೆಸರು. ಹಣವಾದರೋ ವರ್ತಕನ ಖಾತೆಯಲ್ಲಿಯೇ ಕುಳಿತು, ಬಡ್ಡಿಯಿಲ್ಲದ ಬಂಡವಾಳವಾಗಿ ತಿರುಗುತ್ತಿತ್ತು. ಜಾತ್ರೆಯಲ್ಲಿ ಪಾನಕದ ಚಪ್ಪರ ಹಾಕಿಸಿ, ಕಂಬಕ್ಕೆ ತನ್ನ ಹೆಸರಿನ ಹಲಗೆ ತೂಗುಹಾಕಿದ ವರ್ತಕನು ದಾನಿಯೆನಿಸಿಕೊಳ್ಳುವನು. ಕೊಟ್ಟವನು ಬಿಸಿಲಿನಲ್ಲಿ ಸಾಲು ನಿಂತು ಆ ಪಾನಕವನ್ನು ಕುಡಿದು ಹೋಗುವನು. ಪರರ ದುಡ್ಡಿನಿಂದ ಮಾಡುವ ಧರ್ಮಕ್ಕೆ ಸ್ವಂತ ದುಡ್ಡಿನ ವ್ಯಾಪಾರಕ್ಕಿಂತ ಬಿಗಿಯಾದ ಲೆಕ್ಕ ಬೇಕೆಂದು ನಾನು ವಾದಿಸಿದೆ. ಪ್ರತ್ಯೇಕ ಪುಸ್ತಕ, ಎರಡು ಪ್ರತಿ. ಒಂದು ನಮ್ಮಲ್ಲಿ, ಇನ್ನೊಂದು ತಕ್ಕಡಿಯ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದು, ಯಾವ ರೈತನಾದರೂ ಓದಬಹುದು, ಓದಲಾರದವನು ಓದಿಸಿಕೊಳ್ಳಬಹುದು.

ಪೇಟೆಯ ಇತರ ಮಂಡಿಯವರು ನಕ್ಕರು. ಅಪ್ಪಯ್ಯನವರು ನಗಲಿಲ್ಲ, ಒಪ್ಪಲೂ ಇಲ್ಲ. “ಮೂವತ್ತು ವರ್ಷದಿಂದ ನನ್ನನ್ನು ಯಾರೂ ಕೇಳಿಲ್ಲ” ಎಂದರು. ಕೇಳಿಲ್ಲವೆಂಬುದೇ ತೊಂದರೆ ಎಂದು ನಾನು ಹೇಳಿದುದು ಅವರಿಗೆ ನೋವುಂಟುಮಾಡಿತೆಂದು ಕಾಣುತ್ತದೆ. ಕೆಲವು ವಾರ ನನ್ನೊಡನೆ ಧಾರಣೆಯ ವಿನಾ ಬೇರೆ ಮಾತಾಡಲಿಲ್ಲ. ಆ ವರ್ಷದ ದೀಪಾವಳಿಯಲ್ಲಿ ಹೊಸ ಖಾತೆಗಳಿಗೆ ಅರಿಸಿನ ಕುಂಕುಮ ಹಚ್ಚಿ ಲಕ್ಷ್ಮೀಪೂಜೆಗೆ ಇಡುವಾಗ, ರೋಜು, ಖಾತೆ, ಉಗ್ರಾಣದ ಪುಸ್ತಕಗಳ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟಿನ ನಾಲ್ಕನೆಯದೊಂದು ಪುಸ್ತಕ ಕಾಣಿಸಿತು. ಮೊದಲ ಪುಟದಲ್ಲಿ ಅಪ್ಪಯ್ಯನವರು ತಮ್ಮ ಮೋಡಿ ಬೆರೆತ ಕೈಬರಹದಲ್ಲಿ ಹಿಂದಿನ ಧರ್ಮಾದಾಯದ ಬಾಕಿಯನ್ನು, ಅದರ ಮೇಲೆ ತಾವು ಕೊಡಬೇಕಾದ ಬಡ್ಡಿಯನ್ನು ಸಹ ಸೇರಿಸಿ, ಬರೆದಿದ್ದರು. ಬಡ್ಡಿಯ ಮಾತನ್ನು ನಾನು ಎತ್ತಿಯೇ ಇರಲಿಲ್ಲ.

ಕ್ರಮೇಣ ಬೇರೆ ಮಂಡಿಯವರೂ ಸೇರಿ ಒಂದು ಸಮಿತಿಯಾಯಿತು. ಹಳ್ಳಿಯಿಂದ ಓದಲು ಬರುವ ಹುಡುಗರಿಗೆ ವಾರಾನ್ನದ ಬದಲು ಒಂದು ಅನ್ನದ ಮನೆ, ಹಮಾಲರ ಕಾಯಿಲೆಗೆ ಸ್ವಲ್ಪ ಹಣ, ವಾಚನಾಲಯಕ್ಕೆ ಪತ್ರಿಕೆ. ಇವುಗಳ ವಿವರ ಯಾರಿಗೂ ಬೇಕಾಗದು. ಅನ್ನದ ಮನೆಯಲ್ಲಿ ಯಾವ ಜಾತಿಯ ಹುಡುಗರು ಯಾವ ಪಂಕ್ತಿಯಲ್ಲಿ ಕೂರಬೇಕೆಂದು ಸಮಿತಿಯಲ್ಲಿ ನಡೆದ ಚರ್ಚೆ ಮಾತ್ರ ದೀರ್ಘವಾಗಿತ್ತು. ಒಂದೇ ಉಗ್ರಾಣದಿಂದ ಸರ್ವ ಜಾತಿ ಮತಗಳ ಜನಕ್ಕೂ ಅನ್ನ ಹಂಚಿ ಬಂದವನೆಂಬ ಅಧಿಕಾರದಿಂದ ನಾನು ಆಡಿದ ಮಾತು ಅಲ್ಲಿ ಸ್ವಲ್ಪ ನಡೆಯಿತು, ಪೂರ್ತಿ ನಡೆಯಲು ಇನ್ನೂ ಹತ್ತು ವರ್ಷ ಬೇಕಾಯಿತು. 1958ರಲ್ಲಿ ಮೆಟ್ರಿಕ್ ತೂಕಗಳು ಬರಲಾರಂಭಿಸಿ, ಸೇರು ಪಲ್ಲಗಳಲ್ಲಿ ಬೆಳೆದ ರೈತರು ಕಿಲೋ ಕಲ್ಲನ್ನು ಸಂಶಯದಿಂದ ನೋಡುತ್ತಿದ್ದಾಗ, ಸಂಜೆ ಹೊತ್ತು ಮಂಡಿಯ ಗೋಡೆಗೆ ಕಪ್ಪುಹಲಗೆ ಒರಗಿಸಿ ಲೆಕ್ಕ ಹೇಳಿಕೊಟ್ಟುದೂ ಆ ಕಾಲದ್ದೇ. ಪೌಂಡಿನಿಂದ ಸೇರಿಗೆ, ಸೇರಿನಿಂದ ಕಿಲೋಗೆ ಹೊರಳುವುದು ನನಗೆ ಆಟವಾಗಿತ್ತು. ಅವರಿಗೆ ಅದು ಮೋಸ ಹೋಗುವ ಭಯ.

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು, ನೀರು ನಿಂತು, ಸಾಗರ ಹೊಸನಗರಗಳ ಹಳ್ಳಿಗಳು ಮುಳುಗಿದುವು. ಮನೆಯ ತೊಲೆ, ಬಾಗಿಲು, ತುಳಸಿಕಟ್ಟೆಯ ಕಲ್ಲನ್ನು ಸಹ ಲಾರಿಗೆ ಹೇರಿಕೊಂಡು ಆ ಜನ ನಮ್ಮ ಕಡೆಯ ಕಾಡಿನಂಚಿಗೆ ಬಂದಿಳಿದರು. ನಾಡಿಗೆಲ್ಲ ದೀಪ ಹಚ್ಚಿದವರು ಚಿಮಣಿಬುಡ್ಡಿಯ ಮುಂದೆ ಕುಳಿತಿದ್ದರು. ಅವರಲ್ಲಿ ಹಲವರು ಮೊನ್ನೆಮೊನ್ನೆಯವರೆಗೂ ನಮ್ಮ ಮಂಡಿಗೆ ಭತ್ತ ತಂದು ಹಾಕುತ್ತಿದ್ದವರೇ. ಅವರ ಧರ್ಮಾದಾಯ ನಮ್ಮ ಪುಸ್ತಕದಲ್ಲಿತ್ತು. ಮೊದಲ ಬೆಳೆ ಕೈಗೆ ಬರುವವರೆಗೆ ಅಕ್ಕಿ ಕೊಡುವುದೆಂದು ಸಮಿತಿ ನಿಶ್ಚಯಿಸಿತು. ಹಂಚಲು ಹೋದಾಗ, ಒಕ್ಕಲು ಮನೆಯ ಹಿರಿಯರೊಬ್ಬರು ಚೀಲವನ್ನು ಮುಟ್ಟದೆ, “ಅಯ್ಯಾ, ನಾವು ಇಸಿದುಕೊಂಡು ಉಂಡವರಲ್ಲ” ಎಂದು ಮುಖ ತಿರುಗಿಸಿದರು. ನಾನು ಪುಸ್ತಕ ತೆರೆದು, ಅವರ ಹೆಸರು, ವರ್ಷ, ಆಣೆ, ಪೈಸೆಗಳನ್ನು ಓದಿ ಹೇಳಿದೆ. “ಇದು ನೀವೇ ಹಾಕಿದ್ದು, ಗೌಡರೆ.” ಅವರು ಬಗ್ಗಿ, ಬೆರಳಿನಿಂದ ಆ ಸಾಲನ್ನು ಮುಟ್ಟಿ, ಮಗನನ್ನು ಕರೆದು ಚೀಲ ಎತ್ತಿಸಿದರು. ಅವರು ಹಾಕಿದ ಹಣಕ್ಕೂ ಪಡೆದ ಅಕ್ಕಿಗೂ ಸರಿಹೋಗುತ್ತಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಅದರ ಬೆನ್ನಿಗೇ 1965-66ರ ಬರ. ಶಾಲೆಯ ಮಕ್ಕಳು ಅಮೆರಿಕದ ಗೋಧಿಯ ಉಪ್ಪಿಟ್ಟು ತಿಂದ ಕಾಲ. ಬಯಲುಸೀಮೆಯ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದವರಿಗಾಗಿ ನಾವು ಪೇಟೆಯ ಹೊರಗೆ ಗಂಜಿಕೇಂದ್ರವೊಂದನ್ನು ನಡೆಸಿದೆವು. ಗಂಜಿ ಕಾಯಿಸುವುದು ಸುಲಭ, ಹಂಚುವುದು ಕಷ್ಟ. ಜನರನ್ನು ಪಾತ್ರೆ ಹಿಡಿದು ನಿಲ್ಲಿಸಕೂಡದು, ಎಲೆ ಹಾಕಿ ಕೂರಿಸಬೇಕೆಂಬುದು ನನ್ನ ಹಠ. ಅದರಿಂದ ವೇಳೆ ಹೆಚ್ಚು ಹಿಡಿಯುತ್ತದೆ, ಜಾಗ ಸಾಲದು, ಎಲೆಗೆ ಖರ್ಚು ಎಂದು ಸಮಿತಿಯವರು ಗೊಣಗಿದರು. ಹಠ ಏಕೆಂದು ನಾನು ಹೇಳಲಿಲ್ಲ. ಅತ್ತಿಗೆ ಮಾತ್ರ ಏನನ್ನೋ ಊಹಿಸಿದವಳಂತೆ, ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಬಂದು ಮುತ್ತುಗದ ಎಲೆ ಹಚ್ಚುವ ಕೆಲಸವನ್ನು ತಾನೇ ವಹಿಸಿಕೊಂಡಳು. ಎಲೆಯ ಖರ್ಚು ಅಲ್ಲಿಗೆ ನಿಂತಿತು.

1966ರ ಮಾರುಕಟ್ಟೆ ಕಾಯಿದೆ ಜಾರಿಗೆ ಬಂದು ವ್ಯಾಪಾರವೆಲ್ಲ ನಿಯಂತ್ರಿತ ಪ್ರಾಂಗಣಕ್ಕೆ ಹೋದ ಮೇಲೆ, ರೈತನ ಪಟ್ಟಿಯಲ್ಲಿ ಇಂಥ ಕಡಿತಗಳನ್ನು ಹಿಡಿಯುವುದು ನಿಂತಿತು, ನಿಂತುದು ಸರಿಯೇ. ಸಮಿತಿ ಈಗ ವರ್ತಕರ ಸ್ವಂತ ಚಂದಾದಿಂದ ನಡೆಯುತ್ತದೆ. ಚಂದಾ ವಸೂಲಾಗುವುದು ಧರ್ಮಾದಾಯದಷ್ಟು ಸಲೀಸಲ್ಲವೆಂಬುದನ್ನು ಮಾತ್ರ ಹೇಳಬೇಕು.

ನನಗೆ ಉಳಿದಿರುವ ಕೆಲಸ ಅರ್ಜಿ ಬರೆಯುವುದು. ಯುದ್ಧಕಾಲದಲ್ಲಿ ತುರ್ತಾಗಿ ಭರ್ತಿಯಾಗಿ, ಯುದ್ಧ ಮುಗಿದೊಡನೆ ಮನೆಗೆ ಬಂದ ನಮ್ಮಂಥವರಲ್ಲಿ ಬಹುಪಾಲು ಜನಕ್ಕೆ ಪಿಂಚಣಿ ಇಲ್ಲ. ನನಗೆ ಮಂಡಿಯಿತ್ತು, ಅವರಿಗೆ ಅದೂ ಇಲ್ಲ. ಡಿಸ್ಚಾರ್ಜ್ ಪುಸ್ತಕವನ್ನು ಗೆದ್ದಲು ತಿಂದಿರುತ್ತದೆ, ಪದಕವನ್ನು ಮಗಳ ಮದುವೆಯಲ್ಲಿ ಅಡವಿಟ್ಟಿರುತ್ತಾರೆ, ಪಲ್ಟನ್ನಿನ ನಂಬರು ಮಾತ್ರ ನಾಲಿಗೆಯ ತುದಿಯಲ್ಲಿರುತ್ತದೆ. 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಸರ್ಕಾರ ಪಿಂಚಣಿ ಕೊಡಲಾರಂಭಿಸಿದ ಮೇಲೆ ಅವರ ಅರ್ಜಿಗಳೂ ನನ್ನ ಬಳಿಗೇ ಬಂದುವು. ಹೀಗೆ ಮಂಡಿಯ ಜಗಲಿಯ ಒಂದೇ ಬೆಂಚಿನ ಮೇಲೆ, ಬ್ರಿಟಿಷರ ಜೈಲಿನಲ್ಲಿದ್ದ ಶಿಕಾರಿಪುರದ ಕಡೆಯವರೊಬ್ಬರೂ ಬ್ರಿಟಿಷರ ದಂಡಿನಲ್ಲಿದ್ದ ತೀರ್ಥಹಳ್ಳಿಯ ಕಡೆಯವರೊಬ್ಬರೂ ನನ್ನ ಲೇಖನಿಗಾಗಿ ಕಾಯುತ್ತಾ ಕುಳಿತ ದಿನವೊಂದುಂಟು. “ನಾವು ಅವರನ್ನು ಓಡಿಸಲು ಒದ್ದಾಡುತ್ತಿದ್ದಾಗ ನೀವು ಅವರಿಗೆ ಅನ್ನ ಹಾಕುತ್ತಿದ್ದಿರಿ, ಅಲ್ಲವೆ?” ಎಂದು ಮೊದಲನೆಯವರು ನನ್ನನ್ನು ಕೇಳಿದರು, ಮಾತಿನಲ್ಲಿ ಕಹಿಯಿರಲಿಲ್ಲ, ವಿಚಾರಣೆಯಿತ್ತು. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿ ತೀರ್ಥಹಳ್ಳಿಯವರು, “ಅನ್ನ ಹಾಕಿದ್ದು ನನಗೆ ಸ್ವಾಮಿ, ನನಗೆ ಜ್ವರ ಬಂದಿತ್ತು” ಎಂದರು. ಮೊದಲನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಶ್ಯದ ಡಬ್ಬಿಯನ್ನು ಅವರ ಕಡೆಗೆ ಸರಿಸಿದರು. ಹೋರಾಟಗಾರರಿಗೆ ಮುಂದಿನ ವರ್ಷ ಪಿಂಚಣಿ ಮಂಜೂರಾಯಿತು. ಇನ್ನೊಬ್ಬರ ಅರ್ಜಿ ಕಚೇರಿಯಿಂದ ಕಚೇರಿಗೆ ತಿರುಗುತ್ತಿರುವಾಗಲೇ ಅವರು ತೀರಿಕೊಂಡರು. ಅವರ ಹೆಂಡತಿಯ ಹೆಸರಿನಲ್ಲಿ ಹೊಸ ಅರ್ಜಿ ಬರೆದಿದ್ದೇನೆ.

ಅಣ್ಣ ಹೋದ ಮೇಲೆ ಗಾದಿಯ ಮೇಲೆ ಅವನ ಮಗ ಕೂರುತ್ತಾನೆ. ಸಮಿತಿಯ ಪುಸ್ತಕವನ್ನು ಎರಡು ಪ್ರತಿಯಲ್ಲಿ ಏಕೆ ಬರೆಯಬೇಕು ಚಿಕ್ಕಪ್ಪಾ, ಒಂದು ಸಾಲದೆ ಎಂದು ಅವನು ಕೇಳಿದ, ಸಾಲದು ಎಂದೆ. ವಾದ ಬೆಳೆಸದೆ ಬರೆಯುತ್ತಿದ್ದಾನೆ. ಅವನ ಅಕ್ಷರ ಸುಮಾರು. ಕಳೆದ ತಿಂಗಳು ಕೂಡಿ ನೋಡಿದೆ, ಲೆಕ್ಕ ಸರಿಯಾಗಿದೆ.